ಕ್ಲೇರ್ವೋದ ಬರ್ನಾರ್ಡ್: ಒಂಬತ್ತು ಶತಮಾನ ಕಳೆದರೂ ಮಾಸದ ಕೀರ್ತಿಗೆ ಕಾರಣವೇನು?

ಹಳೆಯ ಓಲೆ:

ಮಧ್ಯಯುಗದ ಫ್ರಾನ್ಸಿನ ಧಾರ್ಮಿಕ ವ್ಯಕ್ತಿಗಳೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವವಳು ಜೋನ್ ಆಫ್ ಆರ್ಕ್. ಅವಳಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ ಬಾಳಿದ ಕ್ಲೇರ್ವೋದ ಬರ್ನಾರ್ಡನ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಪ್ರಶ್ನೆ ಬಲಿಯುತ್ತಾ ಹೋಗುತ್ತಿರುವುದರಿಂದ ಅದನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ಬರ್ನಾರ್ಡ್ 1090ರಲ್ಲಿ ಬರ್ಗಂಡಿಯ ದಿಜೋನ್ ಪಟ್ಟಣದ ಬಳಿ, ಯೋಧರ ಮನೆತನವೊಂದರಲ್ಲಿ ಹುಟ್ಟಿದ. 1113ರಲ್ಲಿ ಸಿಟೋ ಎಂಬ ಬಡ ಮಠದ ಬಾಗಿಲಿಗೆ ಬಂದಾಗ ಅವನು ಒಬ್ಬನೇ ಬರಲಿಲ್ಲ. ಅಣ್ಣತಮ್ಮಂದಿರು, ಸೋದರಮಾವ, ನೆಂಟರು, ಗೆಳೆಯರು ಸೇರಿ ಸುಮಾರು ಮೂವತ್ತು ಮಂದಿಯನ್ನು ಸಂನ್ಯಾಸಕ್ಕೆ ಒಪ್ಪಿಸಿಯೇ ಕರೆತಂದಿದ್ದ. ಎರಡು ವರ್ಷದ ಬಳಿಕ ಅವನನ್ನು ಶಾಂಪೇನ್ ಪ್ರಾಂತ್ಯದ ಕಾಡುಕಣಿವೆಯೊಂದಕ್ಕೆ ಹೊಸ ಮಠ ಕಟ್ಟಲು ಕಳುಹಿಸಿದರು. ಆ ಮಠವೇ ಕ್ಲೇರ್ವೋ. 1153ರ ಆಗಸ್ಟ್ 20ರಂದು ತೀರಿಕೊಳ್ಳುವ ತನಕ ಅವನು ಅದರ ಮಠಾಧಿಪತಿಯಾಗಿಯೇ ಉಳಿದ. ಬಿಷಪ್ ಪದವಿ ತಾನಾಗಿ ಬಂದಾಗಲೂ ಒಲ್ಲೆನೆಂದ. ಹಾಗಿದ್ದರೂ 1130ರಲ್ಲಿ ರೋಮಿನಲ್ಲಿ ಇಬ್ಬರು ಪೋಪರು ಎದುರುಬದುರಾಗಿ ಕುಳಿತಾಗ ಯುರೋಪಿನ ಅರಸರನ್ನು ಎರಡನೇ ಇನ್ನೊಸೆಂಟನ ಕಡೆಗೆ ತಿರುಗಿಸಿದವರಲ್ಲಿ ಇವನೇ ಮುಂಚೂಣಿಯಲ್ಲಿದ್ದ. 1145ರಲ್ಲಿ ಇವನ ಮಠದಲ್ಲೇ ಪಳಗಿದ ಸಂನ್ಯಾಸಿಯೊಬ್ಬ ಮೂರನೇ ಯೂಜೀನಿಯಸ್ ಎಂಬ ಹೆಸರಿನಿಂದ ಪೋಪ್ ಆದಾಗ, ಪೋಪ್ ನೀವಲ್ಲ, ನಾನು ಎಂದು ಜನ ಆಡಿಕೊಳ್ಳುತ್ತಿದ್ದಾರೆ ಎಂದು ಬರ್ನಾರ್ಡನೇ ಅವನಿಗೆ ಪತ್ರ ಬರೆದ.

ಇಷ್ಟು ಬಲವಿದ್ದವನು ಕೈಹಾಕಿದ ಅತಿ ದೊಡ್ಡ ಕೆಲಸ ಎರಡನೇ ಕ್ರುಸೇಡ್, ಅಂದರೆ ಪವಿತ್ರನಾಡಿಗಾಗಿ ಕ್ರೈಸ್ತರು ಹೂಡಿದ ಯುದ್ಧಯಾತ್ರೆಗೆ ಜನರನ್ನು ಕರೆದದ್ದು; ಅದು ಹೀನಾಯವಾಗಿ ಸೋತಿತು. 1148ರ ಜುಲೈನಲ್ಲಿ ಡಮಾಸ್ಕಸ್ ನಗರಕ್ಕೆ ಹಾಕಿದ ಮುತ್ತಿಗೆ ಕೆಲವೇ ದಿನಗಳಲ್ಲಿ ಮುರಿದುಬಿತ್ತು. ಸತ್ತವರ ಮನೆಗಳವರು ಬೆರಳು ತೋರಿಸಿದ್ದು ಇವನ ಕಡೆಗೆ. ಆ ಅಪಕೀರ್ತಿ ತಣ್ಣಗಾಗುವ ಮೊದಲೇ ಅವನು ಸತ್ತ. ಅದಾದ 21 ವರ್ಷಕ್ಕೆ ಸಂತ ಪದವಿ ಬಂತು. ಡಾಂಟೆ ತನ್ನ ಸ್ವರ್ಗಯಾತ್ರೆಯ ಕೊನೆಯ ಮೂರು ಸರ್ಗಗಳಿಗೆ ಇವನನ್ನೇ ದಾರಿತೋರುಗನನ್ನಾಗಿ ಮಾಡಿಕೊಂಡ. ಸಂನ್ಯಾಸ ವ್ಯವಸ್ಥೆಯನ್ನೇ ತಿರಸ್ಕರಿಸಿದ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಇವನನ್ನು ಮಾತ್ರ ಮೆಚ್ಚಿಕೊಂಡ. 1830ರಲ್ಲಿ ರೋಮ್ ಇವನನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿತು. ಸೋತವನ ಕೀರ್ತಿ ಹೀಗೆ ಉಳಿದದ್ದು ಹೇಗೆ? ನನ್ನ ಮಟ್ಟಿಗೆ ಉತ್ತರ ಅವನ ಬರವಣಿಗೆ. ದಂಡು ಸೋತಿತು, ಗದ್ಯ ಸೋಲಲಿಲ್ಲ. ನೀವು ಏನನ್ನುತ್ತೀರಿ?

ತರ್ಕಪ್ರಿಯ:

ಓಲೆಯವರೇ, ಪ್ರಶ್ನೆ ಚೆನ್ನಾಗಿದೆ, ಆದರೆ ಉತ್ತರವನ್ನು ನಾನು ಒಪ್ಪುವುದಿಲ್ಲ. ಬರವಣಿಗೆಯ ಬಲದಿಂದಲೇ ಕೀರ್ತಿ ಉಳಿಯುವುದಾದರೆ ಅದೇ ಕಾಲದ ಪೀಟರ್ ಅಬೆಲಾರ್ಡನ ಕೀರ್ತಿಯೂ ಅಷ್ಟೇ ಸಲೀಸಾಗಿ ಉಳಿಯಬೇಕಿತ್ತು, ಏಕೆಂದರೆ ತರ್ಕದಲ್ಲಿ ಅವನ ಮುಂದೆ ಬರ್ನಾರ್ಡ್ ನಿಲ್ಲುವ ಆಳಲ್ಲ. ಸಾನ್ಸ್ ಪಟ್ಟಣದ ಸಭೆಯಲ್ಲಿ, 1141ರಲ್ಲಿ, ಇಬ್ಬರೂ ಬಹಿರಂಗವಾಗಿ ವಾದ ಮಾಡುತ್ತಾರೆಂದು ಅರಸನಾದಿಯಾಗಿ ಎಲ್ಲರೂ ಕಾದಿದ್ದರು. ಬರ್ನಾರ್ಡ್ ಮಾಡಿದ್ದೇನು? ಹಿಂದಿನ ಸಂಜೆಯೇ ಬಿಷಪರನ್ನು ಪ್ರತ್ಯೇಕವಾಗಿ ಸೇರಿಸಿ, ಅಬೆಲಾರ್ಡನ ಬರಹಗಳಿಂದ ಆಯ್ದ ಮಾತುಗಳನ್ನು ಒಂದೊಂದಾಗಿ ಓದಿ, ಅವು ಖಂಡನೀಯವೆಂದು ಒಪ್ಪಿಸಿಬಿಟ್ಟ. ಮರುದಿನ ಸಭೆಗೆ ಬಂದ ಅಬೆಲಾರ್ಡನಿಗೆ ಅದು ವಾದವಲ್ಲ, ವಿಚಾರಣೆ ಎಂದು ಗೊತ್ತಾಯಿತು. ಅವನು ಬಾಯಿ ತೆರೆಯದೆ, ರೋಮಿಗೆ ಮೇಲ್ಮನವಿ ಸಲ್ಲಿಸುತ್ತೇನೆಂದು ಹೇಳಿ ಹೊರಟುಹೋದ. ಅವನು ಇನ್ನೂ ದಾರಿಯಲ್ಲಿರುವಾಗಲೇ ಬರ್ನಾರ್ಡನ ಪತ್ರಗಳು ರೋಮ್ ತಲುಪಿದ್ದವು.

ಇದನ್ನು ಲೇಖನಿಯ ಗೆಲುವೆಂದು ಕರೆಯುವುದು ನನಗೆ ಕಷ್ಟ. ಇದು ಸಂಘಟನೆಯ ಗೆಲುವು. ಬರ್ನಾರ್ಡ್ ಸಾಯುವ ಹೊತ್ತಿಗೆ ಸಿಟೋ ಮಠದಿಂದ ಬೆಳೆದ ಸಿಸ್ಟರ್ಶಿಯನ್ ಪಂಥಕ್ಕೆ ಸುಮಾರು 350 ಮಠಗಳಿದ್ದವು. ಅವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕ್ಲೇರ್ವೋದ ಮಕ್ಕಳು, ಮೊಮ್ಮಕ್ಕಳು. ಐರ್ಲೆಂಡಿನಿಂದ ಪೋರ್ಚುಗಲ್ಲಿನವರೆಗೆ, ಸ್ವೀಡನ್ನಿನಿಂದ ಸಿಸಿಲಿಯವರೆಗೆ ಚಾಚಿದ್ದ ಈ ಮಠಗಳ ಅಧಿಪತಿಗಳು ವರ್ಷಕ್ಕೊಮ್ಮೆ ಸಿಟೋದಲ್ಲಿ ಸೇರಬೇಕೆಂಬ ನಿಯಮವಿತ್ತು. ಇಂಥ ಜಾಲ ಕೈಯಲ್ಲಿದ್ದವನ ಹೆಸರು ಉಳಿಯದೆ ಇನ್ನಾರ ಹೆಸರು ಉಳಿಯಬೇಕು?

ಗ್ರಂಥಪಾಲಕಿ:

ತರ್ಕಪ್ರಿಯರೇ, ಸಂಘಟನೆಯನ್ನೂ ಬರವಣಿಗೆಯನ್ನೂ ಎರಡು ಪಕ್ಷ ಮಾಡಿ ನಿಲ್ಲಿಸಿದ್ದೀರಿ. ಬರ್ನಾರ್ಡನ ವಿಷಯದಲ್ಲಿ ಅವೆರಡನ್ನೂ ಬಿಡಿಸಲು ಬರುವುದಿಲ್ಲ ಎಂಬುದು ನನ್ನ ಅನಿಸಿಕೆ. ಹಸ್ತಪ್ರತಿಗಳ ಕಡೆಯಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಇಂದು ನಮಗೆ ದೊರಕಿರುವ ಅವನ ಪತ್ರಗಳು ಐನೂರಕ್ಕೂ ಹೆಚ್ಚು. ಅವು ಹೇಗೋ ಉಳಿದುಕೊಂಡ ಕಾಗದಗಳಲ್ಲ. ಕ್ಲೇರ್ವೋದಲ್ಲಿ ಅವನಿಗೆ ಲಿಪಿಕಾರರ ಒಂದು ಪುಟ್ಟ ಕಚೇರಿಯೇ ಇತ್ತು. ಅವನು ಹೇಳಿಬರೆಸುತ್ತಿದ್ದ, ಕೆಲವೊಮ್ಮೆ ವಿಷಯ ಮಾತ್ರ ಸೂಚಿಸುತ್ತಿದ್ದ. ಅವರು ಅವನ ಶೈಲಿಯಲ್ಲಿಯೇ ತಿದ್ದಿ ಬರೆಯುತ್ತಿದ್ದರು. ಆ ಶೈಲಿ ಎಷ್ಟು ಚೆನ್ನಾಗಿ ಪಳಗಿತ್ತೆಂದರೆ ನಿಕೋಲಸ್ ಎಂಬ ಲಿಪಿಕಾರ ಅವನ ಹೆಸರಿನಲ್ಲಿ, ಅವನ ಮೊಹರು ಒತ್ತಿ, ಅವನಿಗೇ ಗೊತ್ತಿಲ್ಲದ ಪತ್ರಗಳನ್ನು ಕಳುಹಿಸುತ್ತಿದ್ದುದು ಬೇಗ ಬೆಳಕಿಗೆ ಬರಲಿಲ್ಲ. ಕೊನೆಗೆ ಬರ್ನಾರ್ಡ್ ಹಳೆಯ ಮೊಹರನ್ನು ಬದಲಿಸಿ, ತನ್ನ ಚಿತ್ರವೂ ಹೆಸರೂ ಇರುವ ಹೊಸ ಮೊಹರು ಮಾಡಿಸಿಕೊಂಡು, ಇನ್ನು ಮುಂದೆ ಇದನ್ನೇ ನಂಬಬೇಕೆಂದು ಪೋಪನಿಗೆ ತಿಳಿಸಬೇಕಾಯಿತು.

ಅವನು ಬದುಕಿರುವಾಗಲೇ ಆ ಪತ್ರಗಳನ್ನು ಆಯ್ದು ಸಂಪುಟವಾಗಿ ಜೋಡಿಸಿದವನು ಓಸೇರ್‌ನ ಜೆಫ್ರಿ, ಅವನ ಇನ್ನೊಬ್ಬ ಕಾರ್ಯದರ್ಶಿ. ಸಂಪುಟದ ಮೊದಲ ಸ್ಥಾನ ಪಡೆದದ್ದು ಪೋಪನಿಗೋ ಅರಸನಿಗೋ ಬರೆದ ಪತ್ರವಲ್ಲ, ಕ್ಲೇರ್ವೋದ ಕಟ್ಟುನಿಟ್ಟು ತಾಳಲಾರದೆ ಸುಖವಾದ ಕ್ಲೂನಿ ಮಠಕ್ಕೆ ಹೋಗಿ ಸೇರಿದ ರಾಬರ್ಟ್ ಎಂಬ ಎಳೆಯ ನೆಂಟನಿಗೆ ಬರೆದದ್ದು. ಅದನ್ನು ಬಯಲಿನಲ್ಲಿ ಕುಳಿತು ಬರೆಸುತ್ತಿದ್ದಾಗ ಮಳೆ ಬಂತೆಂದೂ, ಸುತ್ತ ಎಲ್ಲ ತೊಯ್ದರೂ ಚರ್ಮಪತ್ರದ ಮೇಲೆ ಒಂದು ಹನಿಯೂ ಬೀಳಲಿಲ್ಲವೆಂದೂ ಜೀವನಚರಿತ್ರೆ ಹೇಳುತ್ತದೆ. ಪವಾಡದ ಪತ್ರವಾದ್ದರಿಂದ ಅದಕ್ಕೆ ಅಗ್ರಸ್ಥಾನ. ಒಳ್ಳೆಯ ಬರಹಗಾರನಿದ್ದ, ಅವನ ಬರಹ ಯಾವ ಕ್ರಮದಲ್ಲಿ ಓದುಗನ ಕೈಸೇರಬೇಕೆಂದು ಬಲ್ಲ ಸಂಪಾದಕನಿದ್ದ, ಪ್ರತಿಗಳನ್ನು ಮಾಡಿ ಹಂಚಲು ನೀವು ಹೇಳಿದ ಆ ನೂರಾರು ಮಠಗಳಿದ್ದವು. ಮೂರರಲ್ಲಿ ಯಾವ ಒಂದು ಇಲ್ಲದಿದ್ದರೂ ನಾವು ಇಂದು ಈ ಚರ್ಚೆ ಮಾಡುತ್ತಿರಲಿಲ್ಲ.

ಕಡಲತಡಿಯವಳು:

ನಾನು ಮಂಗಳೂರು ಕಡೆಯ ಕ್ರೈಸ್ತ ಮನೆತನದವಳು. ವಿದ್ವಾಂಸರ ಚರ್ಚೆಯ ನಡುವೆ ಭಕ್ತರ ಮಾತೂ ಒಂದಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮಲ್ಲಿ ಸಂತ ಬರ್ನಾರ್ಡರನ್ನು ಕ್ರುಸೇಡಿನ ಪ್ರಚಾರಕರೆಂದು ಯಾರೂ ನೆನೆಯುವುದಿಲ್ಲ, ಮಾತೆ ಮರಿಯಳ ಭಕ್ತರೆಂದು ನೆನೆಯುತ್ತಾರೆ. ನಿನ್ನ ಆಶ್ರಯಕ್ಕೆ ಓಡಿಬಂದವರಲ್ಲಿ ಒಬ್ಬರನ್ನೂ ನೀನು ಕೈಬಿಟ್ಟಿದ್ದನ್ನು ಲೋಕ ಕೇಳಿಲ್ಲ ಎಂಬ ಭಾವದ ಜನಪ್ರಿಯ ಪ್ರಾರ್ಥನೆಯೊಂದಿದೆ. ಅದನ್ನು ಸಂತ ಬರ್ನಾರ್ಡರ ಪ್ರಾರ್ಥನೆಯೆಂದೇ ನಮ್ಮ ಅಜ್ಜಿ ಕಲಿಸಿದ್ದರು. ಜೇನುಸಾಕಣೆಯವರಿಗೂ ಮೇಣದಬತ್ತಿ ಮಾಡುವವರಿಗೂ ಅವರು ಪೋಷಕ ಸಂತರು, ಅವರ ಮಾತು ಜೇನಿನಂತೆ ಹರಿಯುತ್ತಿತ್ತೆಂಬ ಬಿರುದಿನಿಂದಾಗಿ. ಅವರು ತೀರಿಕೊಂಡು 800 ವರ್ಷ ತುಂಬಿದ 1953ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಹೊರಡಿಸಿದ ವಿಶ್ವಪತ್ರಕ್ಕೂ ಆ ಜೇನಿನ ಬಿರುದೇ ಶೀರ್ಷಿಕೆಯಾಯಿತು.

ಕೀರ್ತಿಯ ಬಹುಪಾಲು ಹೀಗೆ ಜನರ ಬಾಯಲ್ಲಿ ಉಳಿಯುತ್ತದೆಯೇ ಹೊರತು ಹಸ್ತಪ್ರತಿಗಳಲ್ಲಲ್ಲ ಎಂದು ನನಗನ್ನಿಸುತ್ತದೆ.

ಹಳೆಯ ಓಲೆ:

ಕಡಲತಡಿಯವರೇ, ನಿಮ್ಮ ಮಾತು ಈ ಚರ್ಚೆಗೆ ಬಹಳ ಬೇಕಾಗಿತ್ತು. ಒಂದು ಸಂಗತಿಯನ್ನು ಸೇರಿಸುತ್ತೇನೆ, ಅನ್ಯಥಾ ಭಾವಿಸಬೇಡಿ. ನೀವು ಹೇಳಿದ ಪ್ರಾರ್ಥನೆ ಬರ್ನಾರ್ಡ್ ಬರೆದದ್ದಲ್ಲ. ಅದನ್ನು ಊರೂರಿಗೆ ಹರಡಿದವರು ಹದಿನೇಳನೇ ಶತಮಾನದಲ್ಲಿ ಪ್ಯಾರಿಸಿನ ಕೈದಿಗಳ ನಡುವೆ ಸೇವೆ ಮಾಡುತ್ತಿದ್ದ ಕ್ಲೋದ್ ಬರ್ನಾರ್ಡ್ ಎಂಬ ಪಾದ್ರಿ. ಹೆಸರು ಒಂದೇ ಆದ್ದರಿಂದ ಪ್ರಾರ್ಥನೆ ಹಳೆಯ, ದೊಡ್ಡ ಬರ್ನಾರ್ಡನ ಲೆಕ್ಕಕ್ಕೆ ಸೇರಿಹೋಯಿತು. ಗಾಯಗೊಂಡ ಯೇಸುವಿನ ಶಿರಸ್ಸನ್ನು ಕುರಿತ ಪ್ರಸಿದ್ಧ ಲ್ಯಾಟಿನ್ ಗೀತೆಯ ಕಥೆಯೂ ಇಂಥದ್ದೇ. ಶತಮಾನಗಳ ಕಾಲ ಅವನ ಹೆಸರಿನಲ್ಲಿ ಹಾಡುತ್ತಿದ್ದ ಅದನ್ನು ಈಗ ಹದಿಮೂರನೇ ಶತಮಾನದ ಲೂವೆನ್‌ನ ಅರ್ನುಲ್ಫ್ ಬರೆದದ್ದೆಂದು ತಿಳಿಯಲಾಗುತ್ತದೆ. ಹೆಸರು ದೊಡ್ಡದಾದ ಮೇಲೆ ಅನಾಥವಾದ ಒಳ್ಳೆಯ ಬರಹವೆಲ್ಲ ಅದರ ಅಂಗಳಕ್ಕೇ ಬಂದು ಬೀಳುತ್ತದೆ.

ಆದರೆ ಇದರಿಂದ ನಿಮ್ಮ ವಾದಕ್ಕೆ ಬಲವೇ ಬರುತ್ತದೆ. ಅವನು ಬರೆಯದ್ದನ್ನೂ ಅವನದೆಂದು ನಂಬಲು ಜನ ಸಿದ್ಧರಿದ್ದರು ಎಂದರೆ ಅವನು ಬರೆದದ್ದರ ರುಚಿ ಅವರಿಗೆ ಗೊತ್ತಿತ್ತು ಎಂದರ್ಥ.

ಹೊಸಬ:

ಎಲ್ಲರಿಗೂ ನಮಸ್ಕಾರ. ಹಿಮದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಸೇಂಟ್ ಬರ್ನಾರ್ಡ್ ನಾಯಿಗೆ ಇವರಿಂದಲೇ ಹೆಸರು ಬಂದದ್ದೇ? ಸಣ್ಣ ಪ್ರಶ್ನೆಯಾದರೆ ಕ್ಷಮೆಯಿರಲಿ.

ಗ್ರಂಥಪಾಲಕಿ:

ಅಲ್ಲ ಹೊಸಬರೇ. ಆ ನಾಯಿಗೆ ಹೆಸರು ಬಂದದ್ದು ಆಲ್ಪ್ಸ್ ಕಣಿವೆದಾರಿಯಲ್ಲಿ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದ, ಹನ್ನೊಂದನೇ ಶತಮಾನದ ಇನ್ನೊಬ್ಬ ಬರ್ನಾರ್ಡನಿಂದ. ನಮ್ಮ ಬರ್ನಾರ್ಡನಿಗೂ ಆಲ್ಪ್ಸಿಗೂ ಸಂಬಂಧವಿರುವುದು ಬೇರೆಯೇ ರೀತಿಯಲ್ಲಿ. ಜಿನೀವಾ ಸರೋವರದ ದಂಡೆಯ ಮೇಲೆ ಅವನು ಇಡೀ ದಿನ ಸವಾರಿ ಮಾಡಿದ. ರಾತ್ರಿ ತಂಗಿದಲ್ಲಿ ಸಂಗಡಿಗರು ಸರೋವರದ ಮಾತೆತ್ತಿದಾಗ, ಯಾವ ಸರೋವರ ಎಂದು ಕೇಳಿದನಂತೆ. ಭಕ್ತರು ಇದನ್ನು ಧ್ಯಾನದ ಆಳಕ್ಕೆ ಸಾಕ್ಷಿಯಾಗಿ ಹೇಳಿದರು. ಆರು ಶತಮಾನಗಳ ಬಳಿಕ ಇಂಗ್ಲಿಷ್ ಇತಿಹಾಸಕಾರ ಗಿಬ್ಬನ್ ಅದೇ ಪ್ರಸಂಗವನ್ನು ಮೂದಲಿಸುವುದಕ್ಕೆ ಬಳಸಿದ.

ಕಲ್ಲುಚಪ್ಪಡಿ:

ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿ ನನಗೆ ಬರ್ನಾರ್ಡ್ ಎದುರಾದದ್ದು ಧರ್ಮಶಾಸ್ತ್ರದ ಮೂಲಕವಲ್ಲ, ಕಲ್ಲಿನ ಮೂಲಕ. ಸುಮಾರು 1125ರಲ್ಲಿ ಕ್ಲೂನಿ ಪಂಥದ ವೈಭವವನ್ನು ಟೀಕಿಸಿ ಅವನು ಬರೆದ ನಿಬಂಧವೊಂದರಲ್ಲಿ ಮಠದ ಮೊಗಸಾಲೆಯ ಕಂಬದ ಬೋದಿಗೆಗಳ ಮೇಲಿನ ಕೆತ್ತನೆಯ ವಿವರಣೆ ಬರುತ್ತದೆ. ಓದುತ್ತಿರುವ ಸಂನ್ಯಾಸಿಗಳ ಕಣ್ಣೆದುರಿಗೆ ಈ ವಿಕಾರಗಳಿಗೇನು ಕೆಲಸ ಎಂದು ಕೇಳುತ್ತಾ ಅವನು ಪಟ್ಟಿ ಮಾಡುತ್ತಾ ಹೋಗುತ್ತಾನೆ: ಕೊಳಕು ಕೋತಿಗಳು, ಉಗ್ರ ಸಿಂಹಗಳು, ಅರ್ಧ ಮನುಷ್ಯ ಅರ್ಧ ಕುದುರೆಯಾದ ಪ್ರಾಣಿಗಳು, ಪಟ್ಟೆಯ ಹುಲಿಗಳು, ಕಾದಾಡುವ ಯೋಧರು, ಕೊಂಬೂದುವ ಬೇಟೆಗಾರರು, ಒಂದೇ ತಲೆಗೆ ಹಲವು ಮೈ, ಒಂದೇ ಮೈಗೆ ಹಲವು ತಲೆ, ನಾಲ್ಕು ಕಾಲಿನ ಮೃಗಕ್ಕೆ ಹಾವಿನ ಬಾಲ, ಮೀನಿಗೆ ಮೃಗದ ತಲೆ. ಪುಸ್ತಕ ಬಿಟ್ಟು ಕಲ್ಲನ್ನೇ ಓದುತ್ತಾ ಇಡೀ ದಿನ ಕಳೆಯುವಂತಿದೆ ಎಂದು ಗೊಣಗಿ, ಈ ಹುಚ್ಚಾಟಕ್ಕೆ ನಾಚಿಕೆಯಾಗದಿದ್ದರೂ ಇದರ ಖರ್ಚಿಗಾದರೂ ಮನಸ್ಸು ಅಳುಕಬೇಡವೇ ಎಂದು ಮುಗಿಸುತ್ತಾನೆ.

ಹನ್ನೆರಡನೇ ಶತಮಾನದ ಶಿಲ್ಪವನ್ನು ಕುರಿತು ಅದೇ ಕಾಲದವರು ಬರೆದ ಇಷ್ಟು ಜೀವಂತ ವಿವರಣೆ ಇನ್ನೊಂದನ್ನು ನಾನು ಓದಿಲ್ಲ. ಅದನ್ನು ದ್ವೇಷಿಸಿದವನೇ ಅದನ್ನು ಹೀಗೆ ಕಣ್ಣಿಟ್ಟು ನೋಡಿದ್ದಾನೆ. ಶಿಲ್ಪಶಾಸ್ತ್ರದ ಪಠ್ಯಗಳು ಅವನ ಹೆಸರನ್ನು ಬಿಡದಿರುವುದಕ್ಕೆ ಇದೇ ಮೊದಲ ಕಾರಣ.

ಎರಡನೆಯ ಕಾರಣ ಫೊಂತೆನೆ ಮಠ. ಕ್ಲೇರ್ವೋದಿಂದ 1118ರಲ್ಲಿ ಹುಟ್ಟಿದ ಈ ಶಾಖೆಯ ದೇವಾಲಯವನ್ನು 1147ರಲ್ಲಿ ಪೋಪ್ ಯೂಜೀನಿಯಸ್ಸನೇ ಬಂದು ಪ್ರತಿಷ್ಠೆ ಮಾಡಿದ; 1981ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗೋಪುರವಿಲ್ಲ, ಮೂರ್ತಿಗಳ ಸಾಲಿಲ್ಲ, ಬಣ್ಣದ ಗಾಜಿಲ್ಲ. ಬರಿಯ ಕಲ್ಲು, ಅಳತೆ, ಬೆಳಕು. ಇಂದಿನ ವಾಸ್ತುಶಿಲ್ಪಿಗಳು ಇದನ್ನು ಬರ್ನಾರ್ಡನ ಅಭಿರುಚಿ ಎಂದು ಕೊಂಡಾಡುತ್ತಾರೆ. ಆದರೆ ಅವನ ಜೀವನಚರಿತ್ರೆಯನ್ನು ತೆರೆದರೆ, ವರ್ಷವಿಡೀ ವಾಸವಿದ್ದ ಕೋಣೆಯ ಸೂರು ಕಮಾನಿನದೋ ಅಲ್ಲವೋ ಎಂದು ಅವನಿಗೆ ತಿಳಿದಿರಲಿಲ್ಲ, ದೇವಾಲಯದ ಮುಂಗೋಡೆಯಲ್ಲಿ ಮೂರು ಕಿಟಕಿಗಳಿದ್ದರೆ ಒಂದೇ ಇದೆಯೆಂದು ತಿಳಿದಿದ್ದ ಎಂದು ಬರೆದಿದೆ! ಕಿಟಕಿಯನ್ನೇ ಎಣಿಸದವನು ಬೆಳಕಿನ ಶಿಲ್ಪಿ ಎನಿಸಿಕೊಂಡದ್ದು ಹೇಗೆಂದು ನನಗೆ ಇನ್ನೂ ಆಶ್ಚರ್ಯ.

ತರ್ಕಪ್ರಿಯ:

ಕಲ್ಲುಚಪ್ಪಡಿಯವರ ಕೊನೆಯ ಮಾತು ನನ್ನ ಸಂಶಯವನ್ನೇ ಹೇಳುತ್ತದೆ. ಬೋದಿಗೆಯ ಕೋತಿಯನ್ನು ಬಿಡದೆ ನೋಡಿದ ಕಣ್ಣು ಕಿಟಕಿಯನ್ನು ಕಾಣಲಿಲ್ಲವೇ? ಆ ಕಿಟಕಿ ಕಥೆ ಯಾರು ಬರೆದದ್ದು, ಏತಕ್ಕೆ ಬರೆದದ್ದು ಎಂದು ಕೇಳಬೇಕು. ಬರ್ನಾರ್ಡ್ ಬದುಕಿರುವಾಗಲೇ, ಅವನಿಗೆ ತಿಳಿಸದೆ, ಅವನ ಆಪ್ತಮಿತ್ರ ಸ್ಯಾಂ-ತಿಯೆರಿಯ ವಿಲಿಯಂ ಜೀವನಚರಿತ್ರೆಯನ್ನು ಆರಂಭಿಸಿದ್ದ. ನಾಯಕ ಇನ್ನೂ ಊಟ ಮಾಡಿಕೊಂಡಿರುವಾಗಲೇ ಸಂತನ ಕಥೆ ಸಿದ್ಧವಾಗುತ್ತಿತ್ತು! ವಿಲಿಯಂ ಸತ್ತ ಮೇಲೆ ಬಾನ್ನೆವಾಲಿನ ಅರ್ನಾಲ್ಡ್ ಮುಂದುವರಿಸಿದ, ನಂತರ ಅದೇ ಜೆಫ್ರಿ ಮುಗಿಸಿದ. ಫುವಾನ್ಯಿಯ ದೇವಾಲಯದಲ್ಲಿ ನೊಣಗಳ ಕಾಟ ತಾಳಲಾರದೆ ಬರ್ನಾರ್ಡ್ ಅವುಗಳಿಗೆ ಬಹಿಷ್ಕಾರ ಹಾಕಿದನೆಂದೂ, ಮರುದಿನ ಸತ್ತ ನೊಣಗಳನ್ನು ಸಲಿಕೆಯಿಂದ ತೋಡಿ ಹೊರಹಾಕಿದರೆಂದೂ ಅದರಲ್ಲಿದೆ. ಮನರಂಜನೆ ಚೆನ್ನಾಗಿದೆ, ಆದರೆ ಇದನ್ನು ಪ್ರಚಾರವೆನ್ನದೆ ಏನೆನ್ನಬೇಕು?

ಆ ಕಾಲದಲ್ಲಿಯೇ ಎಲ್ಲರೂ ನಂಬಿದ್ದರೆಂದು ತಿಳಿಯಬೇಡಿ. ಇಂಗ್ಲೆಂಡಿನ ಆಸ್ಥಾನದಲ್ಲಿದ್ದ ವಾಲ್ಟರ್ ಮ್ಯಾಪ್ ಎಂಬ ವಿಡಂಬನಕಾರ ಬರ್ನಾರ್ಡನ ಕೈಗೂಡದ ಪವಾಡಗಳನ್ನು ಎತ್ತಿಕೊಂಡು ಆಡಿದ ಗೇಲಿ ಈ ವೇದಿಕೆಯಲ್ಲಿ ಬರೆಯುವಂಥದ್ದಲ್ಲ. 1802ರಲ್ಲಿ ಕವಿ ಷಿಲ್ಲರ್ ಗೆಟೆಗೆ ಪತ್ರ ಬರೆಯುತ್ತಾ, ಇಷ್ಟು ಲೋಕಚತುರನಾದ ಧಾರ್ಮಿಕ ಧೂರ್ತ ಇತಿಹಾಸದಲ್ಲಿ ಸಿಗುವುದು ಕಷ್ಟ ಎಂಬ ಅರ್ಥದ ಮಾತಾಡಿದ್ದಾನೆ.

ಇನ್ನು ಕ್ರುಸೇಡ್. 1146ರ ಮಾರ್ಚ್ 31ರಂದು ವೆಜೆಲೆಯ ಬಯಲಿನಲ್ಲಿ, ಏಳನೇ ಲೂಯಿ ಅರಸನ ಸಮ್ಮುಖದಲ್ಲಿ ಬರ್ನಾರ್ಡ್ ಮಾತಾಡಿದಾಗ, ತಂದಿದ್ದ ಬಟ್ಟೆಯ ಶಿಲುಬೆಗಳೆಲ್ಲ ಮುಗಿದು, ತನ್ನ ಉಡುಪನ್ನೇ ಹರಿದು ಶಿಲುಬೆ ಮಾಡಿ ಹಂಚಿದನೆಂದು ಅಂದಿನ ಇತಿಹಾಸಕಾರ ಬರೆದಿದ್ದಾನೆ. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಸ್ಪೈಯರಿನಲ್ಲಿ ಜರ್ಮನಿಯ ಕೊನ್ರಾಡನನ್ನೂ ಒಪ್ಪಿಸಿದ. 1147ರಲ್ಲಿ ಬಾಲ್ಟಿಕ್ ಕಡೆಯ ವೆಂಡ್ ಜನಗಳ ಮೇಲೆ ದಂಡು ಹೊರಟಾಗ, ಅವರು ಮತಾಂತರವಾಗಬೇಕು ಇಲ್ಲವೇ ನಿರ್ನಾಮವಾಗಬೇಕು ಎಂಬ ಅರ್ಥದ ಪತ್ರವನ್ನು ಬರೆದವನು ಇದೇ ಜೇನುಮಾತಿನ ಪಂಡಿತ. ಕೀರ್ತಿಯ ಲೆಕ್ಕದಲ್ಲಿ ಈ ಪುಟವೂ ಇರಬೇಕಲ್ಲವೇ?

ಗ್ರಂಥಪಾಲಕಿ:

ಖಂಡಿತ ಇರಬೇಕು. ವೆಂಡ್ ಪತ್ರವನ್ನು ಸಮರ್ಥಿಸಲು ಹೊರಟವರು ಯಾರಿದ್ದಾರೋ ತಿಳಿಯದು, ನಾನಂತೂ ಅಲ್ಲ. ಆದರೆ ಅದೇ ಲೆಕ್ಕದ ಇನ್ನೊಂದು ಪುಟವನ್ನೂ ಓದಿ. ಕ್ರುಸೇಡಿನ ಕರೆ ಹೊರಟಾಗ ರೈನ್ ನದಿಯ ತೀರದಲ್ಲಿ ರಾಡುಲ್ಫ್ ಎಂಬ ಸಿಸ್ಟರ್ಶಿಯನ್ ಸಂನ್ಯಾಸಿ, ದೂರದ ಶತ್ರುವಿಗಿಂತ ಮೊದಲು ನೆರೆಯಲ್ಲಿರುವ ಯೆಹೂದ್ಯರನ್ನು ಕೊಲ್ಲಿರೆಂದು ಜನರನ್ನು ಎಬ್ಬಿಸತೊಡಗಿದ. ಮೊದಲ ಕ್ರುಸೇಡಿನ ಹೊತ್ತಿನಲ್ಲಿ, 1096ರಲ್ಲಿ, ಯೆಹೂದ್ಯರ ಮೇಲೆ ನಡೆದ ಹತ್ಯಾಕಾಂಡಗಳ ನೆನಪು ಅಲ್ಲಿ ಇನ್ನೂ ಹಸಿಯಾಗಿತ್ತು. ಬರ್ನಾರ್ಡ್ ಮೊದಲು ಪತ್ರ ಬರೆದ. ಸಾಲದೆನಿಸಿದಾಗ ತಾನೇ ಹೊರಟು ಮೈಂಟ್ಸ್ ನಗರಕ್ಕೆ ಹೋಗಿ, ಜನರು ದಂಗೆಯೇಳುವಷ್ಟು ರಾಡುಲ್ಫನ ಪರ ಇದ್ದರೂ, ಅವನನ್ನು ಗದರಿಸಿ ಮಠಕ್ಕೆ ಹಿಂದಕ್ಕೆ ಅಟ್ಟಿದ.

ಇದಕ್ಕೆ ಸಾಕ್ಷಿ ಹೇಳಿದವನು ಶಿಷ್ಯನಲ್ಲ, ಯೆಹೂದ್ಯ ಇತಿಹಾಸಕಾರ ಬಾನ್‌ನ ಎಫ್ರಾಯಿಮ್. ಆ ಗಲಭೆಯ ಕಾಲದಲ್ಲಿ ಅವನು ಹದಿಮೂರು ವರ್ಷದ ಹುಡುಗ, ಬಂಧುಗಳೊಂದಿಗೆ ವೋಲ್ಕನ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದವನು. ದೊಡ್ಡವನಾದ ಮೇಲೆ ಹೀಬ್ರೂ ಭಾಷೆಯಲ್ಲಿ ಬರೆದ ವೃತ್ತಾಂತದಲ್ಲಿ, ಈ ಪಾದ್ರಿಯನ್ನು ದೇವರು ಕಳುಹಿಸದಿದ್ದರೆ ನಮ್ಮವರಲ್ಲಿ ಯಾರೂ ಉಳಿಯುತ್ತಿರಲಿಲ್ಲ ಎಂಬರ್ಥದಲ್ಲಿ ನೆನೆದಿದ್ದಾನೆ. ಬರ್ನಾರ್ಡ್ ಅದಕ್ಕಾಗಿ ಯೆಹೂದ್ಯರಿಂದ ಹಣ ಪಡೆಯಲಿಲ್ಲ ಎಂಬುದನ್ನೂ ದಾಖಲಿಸಿದ್ದಾನೆ. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಯೆಹೂದ್ಯರನ್ನು ಮುಟ್ಟಬೇಡಿ ಎಂದ ಅದೇ ಪತ್ರದಲ್ಲಿ ಅವರ ಬಡ್ಡಿ ವ್ಯವಹಾರದ ಬಗ್ಗೆ ಕೊಂಕು ಇದೆ, ಅವರನ್ನು ಉಳಿಸಬೇಕೆನ್ನುವುದಕ್ಕೆ ಕೊಡುವ ಕಾರಣಗಳು ಇಂದಿನ ಕಿವಿಗೆ ಹಿತವೆನಿಸುವುದಿಲ್ಲ. ಹಾಗೆಂದು ಉಳಿದ ಜೀವಗಳು ಸುಳ್ಳಾಗುವುದಿಲ್ಲ.

ಪವಾಡದ ಕಥೆಗಳ ವಿಷಯದಲ್ಲಿಯೂ ಒಂದು ಮಾತು. ಪ್ರಚಾರಕ್ಕೆಂದೇ ಬರೆದ ವಿಲಿಯಂ ತನ್ನ ನಾಯಕನ ಹೊಟ್ಟೆಯ ಕಾಯಿಲೆಯನ್ನು ಏಕೆ ಅಷ್ಟು ವಿವರವಾಗಿ ಬರೆದ? ಅತಿಯಾದ ಉಪವಾಸದಿಂದ ಬರ್ನಾರ್ಡನ ಜಠರ ಕೆಟ್ಟುಹೋಗಿ, ತಿಂದದ್ದು ಅರಗದೆ ಪ್ರಾರ್ಥನೆಯ ನಡುವೆಯೇ ವಾಂತಿಯಾಗುತ್ತಿತ್ತು; ದೇವಾಲಯದಲ್ಲಿ ಅವನು ನಿಲ್ಲುವ ಜಾಗದ ಪಕ್ಕದಲ್ಲಿ ಅದಕ್ಕೆಂದೇ ನೆಲದಲ್ಲಿ ಒಂದು ಗುಳಿ ತೋಡಿದ್ದರು; ಕೊನೆಗೆ ಸಹಸಂನ್ಯಾಸಿಗಳಿಗೆ ಅದನ್ನು ಸಹಿಸಲಾಗದೆ ಅವನು ಬೇರೆ ಇರಬೇಕಾಯಿತು. ಹೊಗಳುಭಟ್ಟನಾಗಿದ್ದರೆ ಈ ಗುಳಿಯನ್ನು ಮುಚ್ಚಿಬಿಡುತ್ತಿದ್ದ.

ಹಳೆಯ ಓಲೆ:

ಸೋಲಿನ ಬಳಿಕ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಕೀರ್ತಿ ನಿಜವಾಗಿ ಅಲುಗಾಡಿದ್ದು ಆಗಲೇ. ಕ್ರುಸೇಡ್ ಮುರಿದುಬಿದ್ದ ಮೇಲೆ ಬರ್ನಾರ್ಡ್ ತನ್ನ ಶಿಷ್ಯ ಪೋಪನಿಗಾಗಿ ಬರೆಯುತ್ತಿದ್ದ ಚಿಂತನೆಯ ಗ್ರಂಥದ ಎರಡನೇ ಭಾಗವನ್ನು ಆ ಸೋಲಿನ ಮಾತಿನಿಂದಲೇ ತೆರೆದ. ಬೈಬಲಿನ ಮೋಶೆ ಕೂಡ ತನ್ನ ಜನರನ್ನು ಒಳ್ಳೆಯ ನಾಡಿಗೆ ಕರೆದೊಯ್ಯುತ್ತೇನೆಂದು ಹೊರಡಿಸಿ ಅಲ್ಲಿಗೆ ಮುಟ್ಟಿಸಲಿಲ್ಲ. ಜನರ ಪಾಪ ಅಡ್ಡಬಂತು ಎಂದು ವಾದಿಸಿ, ನಿಂದೆ ಯಾರ ಮೇಲಾದರೂ ಬೀಳಲೇಬೇಕಾದರೆ ದೇವರ ಮೇಲೆ ಬೀಳುವುದಕ್ಕಿಂತ ನನ್ನ ಮೇಲೆ ಬೀಳಲಿ ಎಂದ. ತರ್ಕಪ್ರಿಯರು ಇದನ್ನು ಜಾಣ ಜಾರಿಕೆ ಎನ್ನುವರು. ಅರ್ಧ ಹೌದು. ಆದರೆ ಅದೇ ಗ್ರಂಥದಲ್ಲಿ ಅವನು ಪೋಪನಿಗೆ, ದಿನವಿಡೀ ವ್ಯಾಜ್ಯ ಕೇಳುತ್ತಾ ಕುಳಿತರೆ ಹೃದಯ ಕಲ್ಲಾಗುತ್ತದೆ, ನೀನು ಯೇಸುವಿನ ಶಿಷ್ಯ ಪೇತ್ರನ ವಾರಸುದಾರನೋ, ರೇಷ್ಮೆ ಚಿನ್ನ ಹೊದ್ದು ಮೆರೆಯುವ ಚಕ್ರವರ್ತಿ ಕಾನ್‌ಸ್ಟಂಟೈನನ ವಾರಸುದಾರನೋ ಎಂದು ಕೇಳುವ ಧೈರ್ಯವನ್ನೂ ತೋರಿದ್ದಾನೆ. ಮುಂದೆ ಸುಧಾರಕರಾದ ಲೂಥರ್, ಕಾಲ್ವಿನ್ ಇಬ್ಬರಿಗೂ ರೋಮಿನ ಆಡಂಬರವನ್ನು ಹಳಿಯಲು ರೋಮಿನ ಸಂತನ ಮಾತೇ ಒದಗಿದ್ದು ಇಂಥ ಬರಹದಿಂದ.

ಸಂತ ಪದವಿಯೂ ಸಲೀಸಾಗಿ ಬರಲಿಲ್ಲ. 1163ರಲ್ಲಿ ಟೂರ್ ಪಟ್ಟಣದ ಸಭೆಯ ಹೊತ್ತಿಗೆ ಸಲ್ಲಿಸಿದ ಮೊದಲ ಕೋರಿಕೆಯನ್ನು, ಇಂಥ ಅರ್ಜಿಗಳು ಬಹಳ ಬಂದಿವೆ ಎಂಬ ಕಾರಣಕ್ಕೆ ಪೋಪ್ ಮೂರನೇ ಅಲೆಕ್ಸಾಂಡರ್ ಮುಂದಕ್ಕೆ ಹಾಕಿದ. ಆ ನಡುವಿನ ವರ್ಷಗಳಲ್ಲಿ ಜೆಫ್ರಿ ಜೀವನಚರಿತ್ರೆಯನ್ನು ಮತ್ತೆ ಕೈಗೆತ್ತಿಕೊಂಡು ತಿದ್ದಿದ, ಮುಜುಗರ ತರುವ ಕೆಲವನ್ನು ಕಳೆದ. 1174ರ ಜನವರಿಯಲ್ಲಿ ಒಪ್ಪಿಗೆ ಬಂತು. ಒಳ್ಳೆಯ ಸಂಪಾದಕ ಎಷ್ಟು ಮುಖ್ಯ ಎಂದು ಗ್ರಂಥಪಾಲಕಿಯವರು ಮೊದಲೇ ಹೇಳಿದ್ದಾರೆ.

ಈ ನಡುವೆ ನನಗೆ ಬಹಳ ಇಷ್ಟವಾದ ಕಥೆಯೊಂದು ಸಿಸ್ಟರ್ಶಿಯನ್ನರ ಹಳೆಯ ವೃತ್ತಾಂತದಲ್ಲಿದೆ. ಬರ್ನಾರ್ಡನ ದೇಹದ ದರ್ಶನಕ್ಕೆ ಜನ ನುಗ್ಗಿದರು, ಪವಾಡಗಳು ನಡೆಯತೊಡಗಿದವು, ಗದ್ದಲದಲ್ಲಿ ಮಠದ ಶಿಸ್ತು ಹಾಳಾಗುವ ಸ್ಥಿತಿ ಬಂತು. ಆಗ ಸಿಟೋದ ಅಧಿಪತಿ ಹೆಣದ ಬಳಿ ಹೋಗಿ, ಇನ್ನು ಮೇಲೆ ಪವಾಡ ಮಾಡಕೂಡದೆಂದು ವಿಧೇಯತೆಯ ವ್ರತದ ಮೇಲೆ ಅಪ್ಪಣೆ ಕೊಟ್ಟ. ಬದುಕಿದ್ದಾಗ ಪೋಪರಿಗೂ ಅರಸರಿಗೂ ಬುದ್ಧಿ ಹೇಳಿದವನು ಸತ್ತ ಮೇಲೆ ಮೇಲಧಿಕಾರಿಯ ಮಾತು ಕೇಳಿ ಸುಮ್ಮನಾದನಂತೆ.

ತರ್ಕಪ್ರಿಯ:

ಕಥೆ ಸೊಗಸಾಗಿದೆ, ಒಪ್ಪಿದೆ. ಸಂಘಟನೆಯ ಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೂ ಸಿಗಲಾರದು!

ಆದರೂ ಒಂದು ಸಂಗತಿ ನನ್ನನ್ನು ಯೋಚಿಸುವಂತೆ ಮಾಡಿದೆ. ಆ ಸಂಘಟನೆಯ ಕಲ್ಲುಕಟ್ಟಡವಂತೂ ಉಳಿಯಲಿಲ್ಲ. ಫ್ರೆಂಚ್ ಕ್ರಾಂತಿಯಲ್ಲಿ ಕ್ಲೇರ್ವೋ ಮಠ ಮುಚ್ಚಿ ಮಾರಾಟವಾಯಿತು. 1808ರಲ್ಲಿ ಸರ್ಕಾರ ಅದನ್ನು ಕೊಂಡು ಸೆರೆಮನೆ ಮಾಡಿತು. ಮಹಾದೇವಾಲಯವನ್ನು ಕೆಡವಿ ಕಲ್ಲನ್ನು ಹೊತ್ತೊಯ್ದರು. ಅರಾಜಕತಾವಾದಿ ಕ್ರೊಪೊಟ್ಕಿನ್ ಸೆರೆಯಲ್ಲಿದ್ದದ್ದು ಅಲ್ಲೇ. 2023ರಲ್ಲಿ ಮಾತ್ರ ಆ ಸೆರೆಮನೆ ಮುಚ್ಚಿದೆ. ಮಠವಾಗಿದ್ದದ್ದು ಏಳು ಶತಮಾನಕ್ಕೆ ಸ್ವಲ್ಪ ಕಡಿಮೆ, ಸೆರೆಮನೆಯಾಗಿದ್ದದ್ದು ಎರಡು ಶತಮಾನಕ್ಕೂ ಹೆಚ್ಚು. ಮೂಲಕ್ಷೇತ್ರವೇ ಅಳಿದ ಮೇಲೂ ಹೆಸರು ನಿಂತಿರುವುದನ್ನು ಜಾಲವೊಂದರಿಂದಲೇ ವಿವರಿಸಲು ಬರುವುದಿಲ್ಲವೆಂದು ಒಪ್ಪಬೇಕಾಗುತ್ತದೆ.

ಕಡಲತಡಿಯವಳು:

ಜಾಲವೂ ಪೂರ್ತಿ ಅಳಿದಿಲ್ಲ ತರ್ಕಪ್ರಿಯರೇ. ಸಿಸ್ಟರ್ಶಿಯನ್ ಪರಂಪರೆಯ ಟ್ರಾಪಿಸ್ಟ್ ಶಾಖೆ ನಮ್ಮ ನೆರೆಯಲ್ಲೇ ಇದೆ. ಕೇರಳದ ವಾಗಮಣ್ ಬೆಟ್ಟದ ಕುರಿಸುಮಲ ಆಶ್ರಮವನ್ನು 1958ರಲ್ಲಿ ಬೆಲ್ಜಿಯಂನಿಂದ ಬಂದ ಫ್ರಾನ್ಸಿಸ್ ಆಚಾರ್ಯರು ಕಟ್ಟಿದರು. ಕಾವಿ ಉಟ್ಟು, ಸಿರಿಯನ್ ಪದ್ಧತಿಯಲ್ಲಿ ಪ್ರಾರ್ಥನೆ ಮಾಡುತ್ತಾ, ಹಸು ಸಾಕಿ ಹಾಲು ಮಾರಿ ಬದುಕುವ ಆ ಸಂನ್ಯಾಸಿಗಳು 1998ರಲ್ಲಿ ಅಧಿಕೃತವಾಗಿ ಆ ಪಂಥಕ್ಕೆ ಸೇರಿದರು. ಕೈಕೆಲಸ ಮತ್ತು ಪ್ರಾರ್ಥನೆಯ ಆ ದಿನಚರಿಗೆ ಬೇರು ಸಿಟೋದಲ್ಲೇ ಇದೆ.

ಗ್ರಂಥಪಾಲಕಿ:

ಕ್ಲೇರ್ವೋದ ಕಲ್ಲು ಹೋದರೂ ಪುಸ್ತಕಗಳು ಹೋಗಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. 1472ರಲ್ಲಿ ಪಿಯೆರ್ ದ ವಿರೇ ಎಂಬ ಅಧಿಪತಿ ಮಠದ ಗ್ರಂಥಗಳ ಪಟ್ಟಿ ಮಾಡಿಸಿದಾಗ ಅಲ್ಲಿ 1,700ಕ್ಕೂ ಹೆಚ್ಚು ಹಸ್ತಪ್ರತಿಗಳಿದ್ದವು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಈಗ ಹತ್ತಿರದ ಟ್ರುವಾ ನಗರದ ಗ್ರಂಥಾಲಯದಲ್ಲಿವೆ, 2009ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೂ ಸೇರಿವೆ. 1667ರಲ್ಲಿ ಮ್ಯಾಬಿಯೋನ್ ಎಂಬ ಸಂನ್ಯಾಸಿ ವಿದ್ವಾಂಸ ಬರ್ನಾರ್ಡನ ಸಮಗ್ರ ಬರಹಗಳನ್ನು ಶೋಧಿಸಿ ಅಚ್ಚು ಹಾಕಿಸಿದ, ಸುಳ್ಳು ಆರೋಪಿತ ಬರಹಗಳನ್ನು ಬೇರೆ ತೆಗೆದ. 1957ರಿಂದ ಎರಡು ದಶಕ ಜಾನ್ ಲೆಕ್ಲೆರ್ಕ್ ಮತ್ತು ಸಂಗಡಿಗರು ಎಲ್ಲ ಮುಖ್ಯ ಪ್ರತಿಗಳನ್ನು ಹೋಲಿಸಿ ಹೊಸ ಆವೃತ್ತಿ ತಂದರು. ಎರಡನೇ ಸಂಪಾದನೆಗೂ ಮೂರನೇ ಸಂಪಾದನೆಗೂ ಜನ ಸಿಗುವಂತೆ ಬರೆದವನು ಅವನು.

ಹೊಸಬ:

ಇಷ್ಟೆಲ್ಲ ಓದಿದ ಮೇಲೆ ಅವನನ್ನೇ ನೇರವಾಗಿ ಓದಬೇಕೆನಿಸಿದೆ. ಲ್ಯಾಟಿನ್ ಬಾರದ, ಇಂಗ್ಲಿಷ್ ಅನುವಾದ ಓದಬಲ್ಲ ನನ್ನಂಥವನು ಎಲ್ಲಿಂದ ಆರಂಭಿಸಬೇಕು?

ಹಳೆಯ ಓಲೆ:

ಹೊಸಬರೇ, ಬೈಬಲಿನ ಪರಮಗೀತೆಯ ಮೇಲಿನ ಪ್ರವಚನಗಳಿಂದ ಆರಂಭಿಸಿ ಎಂದು ಹಲವರು ಹೇಳುತ್ತಾರೆ. ಅದು ಅವನ ಅತ್ಯುತ್ತಮ ಕೃತಿ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ 1135ರಿಂದ ಸಾಯುವ ತನಕ ಹದಿನೆಂಟು ವರ್ಷ, 86 ಪ್ರವಚನ ಬರೆದೂ ಅವನು ತಲುಪಿದ್ದು ಮೂರನೇ ಅಧ್ಯಾಯದ ಮೊದಲ ವಚನದವರೆಗೆ ಮಾತ್ರ. ತಾಳ್ಮೆ ಇಲ್ಲದೆ ಅದಕ್ಕೆ ಕೈಹಾಕಬೇಡಿ. ಮೊದಲು ರಾಬರ್ಟನಿಗೆ ಬರೆದ ಆ ಪತ್ರವನ್ನು ಓದಿ. ಆಮೇಲೆ ಆ ಪ್ರವಚನಗಳಲ್ಲೇ 26ನೆಯದನ್ನು ಮಾತ್ರ ತೆಗೆಯಿರಿ. ಪದ್ಯದ ವ್ಯಾಖ್ಯಾನ ಮಾಡುತ್ತಿದ್ದವನು ನಡುವೆ ತಡೆಯಲಾರದೆ ನಿಲ್ಲಿಸಿ, ಆಗಷ್ಟೇ ಮಣ್ಣು ಮಾಡಿ ಬಂದಿದ್ದ ತನ್ನ ಅಣ್ಣ ಜೆರಾರ್ಡನಿಗಾಗಿ ಅಲ್ಲಿ ಅತ್ತಿದ್ದಾನೆ. ಮಠದ ಹಣಕಾಸು, ಉಗ್ರಾಣ, ಗದ್ದೆ ಎಲ್ಲವನ್ನೂ ನೋಡಿಕೊಂಡು ತಮ್ಮನಿಗೆ ಬರೆಯಲು ಬಿಡುವು ಮಾಡಿಕೊಟ್ಟವನು ಆ ಅಣ್ಣ. ಅದು ಹಿಡಿಸಿದರೆ ಪೋಪನಿಗೆ ಬರೆದ ಗ್ರಂಥಕ್ಕೆ ಹೋಗಬಹುದು.

ತರ್ಕಪ್ರಿಯ:

ಅದರ ಜೊತೆಗೆ ಅಬೆಲಾರ್ಡನ ಆತ್ಮಕಥನದ ಪತ್ರವನ್ನೂ ಓದಿರಿ ಹೊಸಬರೇ. ಸಾನ್ಸ್ ಸಭೆಗೆ ವರ್ಷಗಳ ಮೊದಲೇ ಬರೆದದ್ದಾದ್ದರಿಂದ ಆ ಜಗಳ ಅದರಲ್ಲಿಲ್ಲ, ಆದರೆ ಸೋತವನು ಹೇಗೆ ಬರೆಯುತ್ತಿದ್ದ ಎಂಬುದು ತಿಳಿಯುತ್ತದೆ. ಕ್ಲೂನಿಯ ಅಧಿಪತಿ ಪೀಟರ್ ಮುಂದೆ ನಿಂತು ಇಬ್ಬರಿಗೂ ರಾಜಿ ಮಾಡಿಸಿದ ಎಂಬುದನ್ನು ಮಾತ್ರ ಮರೆಯಬೇಡಿ. 1142ರಲ್ಲಿ ಅಬೆಲಾರ್ಡ್ ತೀರಿಕೊಂಡಾಗ ಅವರ ನಡುವೆ ಹಗೆ ಇರಲಿಲ್ಲ.